ಮಗಳ ಇಸಬಿಗೆ ಮೆಡಿಕಲ್ ಅಂಗಡಿ ಟ್ಯೂಬ್ ಹಚ್ಚಬೇಕೋ ಬ್ಯಾಡೋ? ತಿಳಿದವರು ಹೇಳ್ರಿ

ಆಳಂದ_ತಾಯಿ

ಎಲ್ಲರಿಗೂ ಶರಣಾರ್ಥಿ. ಮಗಳಿಗೆ ಎರಡು ವರ್ಷ ದಾಟ್ಯಾದ. ಕೂಸಿದ್ದಾಗ ಗಲ್ಲದ ಮ್ಯಾಲ ಒರಟೊರಟಾಗಿ ಶುರು ಆಗಿದ್ದು ಈಗ ಮೊಣಕೈ ಮಡಿಕ್ಯಾಗ, ಮೊಣಕಾಲ ಹಿಂದ, ಕುತ್ತಿಗಿ ಸುತ್ತ ಬಂದಾದ. ಹಗಲು ಆಟದಾಗ ಮರೀತಾಳ. ರಾತ್ರಿ ಆತಂದ್ರ ಕೆರಕೊಂಡು ಕೆರಕೊಂಡು ರಕ್ತ ಬರಸ್ಕೋತಾಳ. ಆಕಿಗೂ ನಿದ್ದಿಲ್ಲ, ನಮಗೂ ನಿದ್ದಿಲ್ಲ. ಊರಾಗ ಒಬ್ಬರು ಇಸಬು ಅಂತಾರ, ಒಬ್ಬರು ಕಜ್ಜಿ ಅಂತಾರ, ಇನ್ನೊಬ್ಬರು ಗಜಕರ್ಣ ಅಂತಾರ.

ಮೆಡಿಕಲ್ ಅಂಗಡ್ಯಾಗ ಒಂದು ಟ್ಯೂಬ್ ಕೊಟ್ರು. ಹಚ್ಚಿದ ಮರುದಿನಾನೇ ಇಳೀತದ, ಬಿಟ್ಟ ಮ್ಯಾಲ ಮೊದಲಿಗಿಂತ ಜೋರಾಗಿ ಬರ್ತದ. ಟ್ಯೂಬಿನ ಮ್ಯಾಲ ಕ್ಲೋಬೆಟಾಸಾಲ್, ಓಫ್ಲಾಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ಅಂತ ಬರದಾದ. ನಮ್ಮ ಮನಿಯವರೂ ತೊಡಿ ತುರಿಕಿಗೆ ಅದನ್ನೇ ಹಚ್ಕೊಳ್ಳಾಕತ್ಯಾರ. ನಮ್ಮ ಅತ್ತಿಯವರು ಹಾಲು, ಶೇಂಗಾ, ಬದನಿಕಾಯಿ ಎಲ್ಲಾ ನಂಜು ಅಂತ ಕೂಸಿಗೆ ಬಿಡಿಸ್ಯಾರ. ಅಂಗನವಾಡ್ಯಾಗ ಬ್ಯಾರೆ ತಾಯಂದಿರು ಇಕಿ ಬಾಜು ತಮ್ಮ ಮಕ್ಕಳನ್ನ ಕೂಡಸಂಗಿಲ್ಲ. ಇದು ಅಂಟ್ತದೇನ್ರಿ? ಪೂರಾ ಹೋಗ್ತದೇನ್ರಿ? ಟ್ಯೂಬ್ ಹಚ್ಚಲೋ ಬಿಡಲೋ?

ಫರಸಿ_ಶಹಾಬಾದ

ತಂಗಿ, ನಮ್ಮ ಅಣ್ಣನ ಮಗನಿಗೂ ಹಿಂಗೇ ಇತ್ತು. ಬೇವಿನ ಎಲಿ, ಅರಿಶಿಣ ಅರದು ದಪ್ಪಗ ಹಚ್ರಿ. ಇಂಗ್ಲಿಷ್ ಔಷಧ ಬ್ಯಾಡ. ಸ್ಟೀರಾಯ್ಡ್ ಒಮ್ಮಿ ಹತ್ತಿತಂದ್ರ ಜೀವನ ಪೂರ್ತಿ ಬಿಡಂಗಿಲ್ಲ.

ಚರ್ಮವೈದ್ಯೆ_ಕಲಬುರಗಿ

ಅಕ್ಕಾರ, ಕಣ್ಣಿಲೆ ನೋಡದೆ ರೋಗ ಇಂಥಾದ್ದೇ ಅಂತ ಹೇಳೋದು ಸರಿಯಲ್ಲ, ಮಗಳನ್ನ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು. ಆದರೂ ನೀವು ಬರೆದದ್ದು ಅಟೋಪಿಕ್ ಡರ್ಮಟೈಟಿಸ್ ಅನ್ನೋ ಇಸಬಿಗೆ ಬಹಳ ಹೊಂದುತ್ತದೆ. ಕೂಸಿಗೆ ಗಲ್ಲ ಮತ್ತು ತಲೆ, ಸ್ವಲ್ಪ ದೊಡ್ಡ ಮಕ್ಕಳಿಗೆ ಮೊಣಕೈ ಮತ್ತು ಮೊಣಕಾಲಿನ ಮಡಿಕೆ, ದೊಡ್ಡವರಿಗೆ ಕೈ, ಕುತ್ತಿಗೆ, ಕಣ್ಣುರೆಪ್ಪೆ. ವಯಸ್ಸಿನ ಜೊತೆ ಅದು ಹೀಗೆ ಜಾಗ ಬದಲಿಸುತ್ತದೆ. ಮನೆಯಲ್ಲಿ ಯಾರಿಗಾದರೂ ದಮ್ಮು, ಬೆಳಗಾದರೆ ಸಾಲುಸಾಲು ಸೀನು, ಇಂಥಾದ್ದು ಇದೆಯಾ ನೋಡಿ. ಇವೆಲ್ಲ ಒಂದೇ ಮನೆತನದಲ್ಲಿ ಹರಿಯುವ ಗುಣ.

ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಎತ್ತಿ ಮುದ್ದಾಡಿದರೂ ಅಂಟುವುದಿಲ್ಲ. ಅಂಗನವಾಡಿಯಲ್ಲಿ ನನ್ನ ಹೆಸರಿನ ಮೇಲೆ ಬೇಕಾದರೂ ಹೇಳಿ.

ಏನಾಗಿರುತ್ತದೆ ಅಂದರೆ, ಚರ್ಮದ ಮೇಲ್ಪದರ ಶಹಾಬಾದ ಫರಸಿ ಹಾಸಿದ ನೆಲ ಇದ್ದಂತೆ. ಕಲ್ಲು ಎಷ್ಟೇ ಗಟ್ಟಿ ಇರಲಿ, ಸಂದಿಯ ಸಿಮೆಂಟ್ ಉದುರಿದರೆ ಮೇಲಿನ ನೀರು ಕೆಳಗಿಳಿಯುತ್ತದೆ, ಕೆಳಗಿನ ಇರುವೆ ಮೇಲೆ ಬರುತ್ತದೆ. ಇಸಬು ಇರುವ ಮಕ್ಕಳ ಚರ್ಮದಲ್ಲಿ ಜೀವಕೋಶಗಳ ನಡುವಿನ ಜಿಡ್ಡು ಕಡಿಮೆ. ಫಿಲಾಗ್ರಿನ್ ಅನ್ನೋ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದವರಿಗೆ ಈ ಕಾಯಿಲೆ ಹೆಚ್ಚು ಅಂತ 2006ರಲ್ಲಿ ಗೊತ್ತಾಯಿತು. ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಧೂಳು, ಸೋಪು, ರೋಗಾಣು ಒಳಗೆ ಬರುತ್ತವೆ, ಮೈ ಅದರ ಮೇಲೆ ಸಿಟ್ಟಿಗೇಳುತ್ತದೆ. ಆಗ ಕಡಿತ. ಕೆರೆದಷ್ಟೂ ಪದರ ಇನ್ನಷ್ಟು ಕಿತ್ತುಬರುತ್ತದೆ, ಕಿತ್ತಷ್ಟೂ ಕಡಿತ ಹೆಚ್ಚುತ್ತದೆ. ಈ ಸುತ್ತು ಮುರಿಯೋದೇ ಚಿಕಿತ್ಸೆ.

ಪುಸ್ತಕದಲ್ಲಿ ಕೆಂಪು ಅಂತ ಬರೆದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಕಾಣದೇ ಇರಬಹುದು, ಕಂದು, ಬೂದು, ನೇರಳೆ ಛಾಯೆ ಕಾಣುತ್ತದೆ, ಕೆಲವರಿಗೆ ಬರೀ ಸಣ್ಣ ಗುಳ್ಳೆಗಳ ಒರಟು. ಕೆಂಪಿಲ್ಲ ಅಂತ ಕಡಿಮೆ ಇದೆ ಅಂದುಕೊಳ್ಳಬೇಡಿ.

ಆ ಟ್ಯೂಬ್ ಇವತ್ತೇ ಬದಿಗಿಡಿ. ಕ್ಲೋಬೆಟಾಸಾಲ್ ಅಂದರೆ ಚರ್ಮದ ಉರಿ, ಕಡಿತ ಇಳಿಸಲು ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಜೋರಿನದು, ಎರಡು ವರ್ಷದ ಮಗುವಿನ ಕುತ್ತಿಗೆಗೆ ಹಚ್ಚೋದಲ್ಲ. ಅದರ ಜೊತೆ ಬೆರೆಸಿದ ಉಳಿದ ಮೂರು ರೋಗಾಣು, ಶಿಲೀಂಧ್ರ ಕೊಲ್ಲುವ ಔಷಧ, ಅವು ಇಸಬಿಗೆ ಬೇಡವೇ ಬೇಡ. ಮನೆಯವರ ತೊಡೆಯದ್ದು ಬೇರೆ ರೋಗ ಇರಬಹುದು, ಅವರನ್ನೂ ಜೊತೆಗೆ ಕರೆತನ್ನಿ.

ಮೆಡಿಕಲ್_ಶಹಾಪುರ

ನಾನು ಔಷಧ ಅಂಗಡಿ ನಡಸೋನು. ಆ ನಾಲ್ಕು ಔಷಧದ ಟ್ಯೂಬ್ ಬಗ್ಗೆ ಒಂದು ಮಾತು. ಹಚ್ಚುವ ಸ್ಟೀರಾಯ್ಡುಗಳನ್ನ 2018ರಾಗ ಸರ್ಕಾರ ಶೆಡ್ಯೂಲ್ ಎಚ್ ಒಳಗ ತಂದಾದ. ಡಾಕ್ಟರ್ ಚೀಟಿ ಇಲ್ದೆ ಕೊಡಂಗಿಲ್ಲ. ಆದ್ರೂ ಗಿರಾಕಿ ಬಂದು "ತುರಿಕಿ ಟ್ಯೂಬ್ ಕೊಡ್ರಿ" ಅಂದ ಕೂಡ್ಲೆ ತಗದು ಕೊಡೋ ಅಂಗಡಿ ಭಾಳ ಅವ. ಒಂದೇ ಟ್ಯೂಬಿನಾಗ ಎಲ್ಲಾ ಇದ್ರ ಯಾವುದೋ ಒಂದು ತಾಗ್ತದ ಅನ್ನೋ ಲೆಕ್ಕ.

ತಾಗೋದು ಸ್ಟೀರಾಯ್ಡ್ ಒಂದೇ. ಹುಳಕಡ್ಡಿಗೆ ಹಚ್ಚಿದ್ರ ಮೊದಲ ವಾರ ಕಡಿತ ನಿಲ್ತದ, ಒಳಗ ಶಿಲೀಂಧ್ರ ಆರಾಮಾಗಿ ಬೆಳೀತದ. ಅಂಚು ಅಳಿಸಿಹೋಗಿ ಡಾಕ್ಟರಿಗೂ ಗುರುತು ಸಿಗಂಗಿಲ್ಲ. ತೊಡಿಸಂದಿ, ನಡುಪಟ್ಟಿ ಜಾಗದಾಗ ವರ್ಷಗಟ್ಲೆ ಅದನ್ನ ಹಚ್ಕೊಂಡು ಚರ್ಮ ತೆಳ್ಳಗಾಗಿ ಬಸುರಿ ಹೊಟ್ಟಿ ಮ್ಯಾಲಿನಂಥ ಗೆರಿ ಬಿದ್ದವರನ್ನ ನೋಡೀನಿ, ಅದೂ ಹರೆಯದ ಹುಡುಗರು. ಮುಖಕ್ಕ ಬಿಳುಪಾಗಲಿ ಅಂತ ಸ್ಟೀರಾಯ್ಡ್ ಹಚ್ಕೊಂಡ ಹುಡುಗ್ಯಾರ ಗಲ್ಲದಾಗ ರಕ್ತನಾಳ ಎದ್ದು ಕಾಣ್ತಿದ್ವು. ನಮ್ಮ ದಂಧಾದವರು ಇದನ್ನ ನಿಲ್ಲಸಬೇಕು. ಗಿರಾಕಿ ಬಾಜು ಅಂಗಡಿಗೆ ಹೋಗ್ತಾನ ಅಂತ ಅಂಜಿ ಕೂಡೋದು ಬ್ಯಾಡ.

ಫರಸಿ_ಶಹಾಬಾದ

ನೋಡ್ರಿ, ನಾನೂ ಅದೇ ಹೇಳ್ದೆ. ಸ್ಟೀರಾಯ್ಡ್ ಬ್ಯಾಡ.

ಚರ್ಮವೈದ್ಯೆ_ಕಲಬುರಗಿ

ಅಣ್ಣಾರ, ಇಲ್ಲಿ ನಿಮ್ಮ ಜೊತೆ ಒಪ್ಪಲಾರೆ. ಅಂಗಡಿಯಿಂದ ತಂದು ಬೇಕಾದಷ್ಟು ಹಚ್ಚೋದು ಒಂದು ಕೇಡು, ಹೆದರಿ ಒಂದು ಹನಿಯೂ ಹಚ್ಚದೆ ಮಗುವನ್ನ ರಾತ್ರಿಯೆಲ್ಲ ಕೆರೆಯಲು ಬಿಡೋದು ಇನ್ನೊಂದು ಕೇಡು. ಎರಡರಿಂದಲೂ ಹಾಳಾದ ಚರ್ಮ ನಾನು ದಿನಾ ನೋಡ್ತೀನಿ. ಮಗುವಿಗೆ ಸಾಮಾನ್ಯವಾಗಿ ಹೈಡ್ರೊಕಾರ್ಟಿಸೋನ್‌ನಂಥ ಸೌಮ್ಯದ್ದು, ಮೈಮೇಲೆ ದಪ್ಪಗಾದ ಕಡೆ ಸ್ವಲ್ಪ ಜೋರಿನದು, ದಿನಕ್ಕೊಮ್ಮೆ ಅಥವಾ ಎರಡು ಸಲ, ಒರಟು ಪೂರ್ತಿ ನುಣುಪಾಗುವ ತನಕ, ಡಾಕ್ಟರ್ ಹೇಳಿದಷ್ಟು ದಿನ. ಸ್ವಲ್ಪ ಇಳಿದ ಕೂಡಲೇ ಬಿಟ್ಟರೆ ಒಳಗಿನ ಉರಿ ಹಾಗೇ ಉಳಿದು ಮತ್ತೆ ಎದ್ದು ಬರುತ್ತದೆ. ಪದೇಪದೇ ಅದೇ ಜಾಗದಲ್ಲಿ ಬರುವವರಿಗೆ ಆರಾಮಾದ ಮೇಲೂ ವಾರಕ್ಕೆ ಎರಡು ದಿನ ಹಚ್ಚಿಸುವ ಪದ್ಧತಿ ಇದೆ.

ಅಳತೆ ಗೊತ್ತಿರಲಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆ ತನಕ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಮುಲಾಮು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು, ಬೆರಳೂ ಸೇರಿಸಿ. ಇದಕ್ಕಿಂತ ಬಹಳ ಕಡಿಮೆ ಹಚ್ಚಿ "ಔಷಧ ಹತ್ತಲಿಲ್ಲ" ಅನ್ನುವವರೇ ಹೆಚ್ಚು.

ಮುಖ, ಕಣ್ಣುರೆಪ್ಪೆ, ಕುತ್ತಿಗೆಗೆ ಟ್ಯಾಕ್ರೊಲಿಮಸ್ ಅನ್ನೋ ಸ್ಟೀರಾಯ್ಡ್ ಅಲ್ಲದ ಮುಲಾಮು ಬರುತ್ತದೆ. ಎರಡು ವರ್ಷ ದಾಟಿದ ಮಕ್ಕಳಿಗೆ 0.03 ಪ್ರತಿಶತದ್ದು. ಮೊದಲ ಕೆಲವು ದಿನ ಉರಿಯುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಉರಿ ಆಯ್ತಂತ ಎಸೆಯಬೇಡಿ.

ಇನ್ನು ಬೇವು, ಅರಿಶಿಣ. ಒಡೆದ ಚರ್ಮದ ಮೇಲೆ ಅರೆದ ಎಲೆ ಏನೇ ಹಚ್ಚಿದರೂ ಉರಿ ಏಳಬಹುದು, ಅರಿಶಿಣಕ್ಕೇ ಅಲರ್ಜಿ ಆದವರೂ ಇದ್ದಾರೆ. ಎಕ್ಕೆ ಹಾಲು ಹಚ್ಚಿ ಸುಟ್ಟುಕೊಂಡು ಬಂದವರ ಗಾಯ ನೋಡಿದರೆ ನಿಮಗೇ ಕರುಳು ಚುರ್ ಅನ್ನುತ್ತದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ "ಬರೀ ಗಿಡಮೂಲಿಕೆ" ಅಂತ ಮಾರುವ ಮುಲಾಮು ಒಂದೇ ದಿನದಲ್ಲಿ ಗುಣ ಕೊಟ್ಟರೆ ಅದರೊಳಗೆ ಸ್ಟೀರಾಯ್ಡ್ ಇದೆಯೇನೋ ಅಂತ ಸಂಶಯಪಡಿ. ಕಡಿತಕ್ಕೆ ಸೂಜಿ ಹಾಕಿಸೋದೂ ಅಷ್ಟೇ. ಸ್ಟೀರಾಯ್ಡ್ ಸೂಜಿ ಕೊಟ್ಟರೆ ಎರಡು ದಿನದಲ್ಲಿ ಮೈ ಚೊಕ್ಕ ಆಗುತ್ತದೆ, ಇಳಿದ ಮೇಲೆ ದುಪ್ಪಟ್ಟಾಗಿ ಬರುತ್ತದೆ, ಪದೇಪದೇ ಆದರೆ ಮಗುವಿನ ಬೆಳವಣಿಗೆಗೆ ಪೆಟ್ಟು.

ಆಯಿ_ಹುಮನಾಬಾದ

ನಾನು ಮಕ್ಕಳು ಮೊಮ್ಮಕ್ಕಳು ಎಲ್ಲಾರಿಗೂ ಎರದು ಬೆಳೆಸಿದಾಕಿ. ಕೂಸಿಗೆ ಎಣ್ಣಿ ತಿಕ್ಕಿ, ಬಿಸಿಬಿಸಿ ನೀರು ಎರದು, ಕಡ್ಲಿಹಿಟ್ಟು ಹಚ್ಚಿ ತೊಳದು, ಲೋಬಾನದ ಹೊಗಿ ಹಾಕಿದ್ರ ಮೈ ಗಟ್ಟಿ ಆಗ್ತದ. ಈಗಿನವರು ಏನೂ ಮಾಡಂಗಿಲ್ಲ, ಅದಕ್ಕ ಹಿಂಗ. ಮತ್ತ ಶೇಂಗಾ ಬದನಿಕಾಯಿ ನಂಜು ಅನ್ನೋದು ಖರೆ ಅದ ತಾಯಿ, ನಿಮ್ಮತ್ತಿ ಹೇಳಿದ್ದು ಸುಳ್ಳಲ್ಲ.

ಚರ್ಮವೈದ್ಯೆ_ಕಲಬುರಗಿ

ಆಯಿ, ಎಣ್ಣೆ ಹಚ್ಚೋದು ನಿಮ್ಮ ಕೈಯ ಒಳ್ಳೆಯ ರೂಢಿ, ಅದನ್ನ ಬಿಡಬೇಡಿ ಅಂತಲೇ ಹೇಳ್ತೀನಿ. ಎರಡು ಬದಲಾವಣೆ ಮಾತ್ರ ಮಾಡಿ. ಇಸಬಿನ ಕೂಸಿಗೆ ಕುದಿಕುದಿ ನೀರು ಬೇಡ, ಮೊಣಕೈ ಅದ್ದಿದರೆ ಬೆಚ್ಚಗೆ ಅನ್ನಿಸುವಷ್ಟು ಸಾಕು, ಐದರಿಂದ ಹತ್ತು ನಿಮಿಷದೊಳಗೆ ಜಳಕ ಮುಗಿಯಲಿ. ಕಡಲೆಹಿಟ್ಟು ತಿಕ್ಕಿದರೆ ಇದ್ದ ಜಿಡ್ಡೂ ಹೋಗುತ್ತದೆ. ಹೊಗೆ ಬೇಡವೇ ಬೇಡ, ಅದು ಚರ್ಮಕ್ಕೂ ಎದೆಗೂ ಕೇಡು, ಇಂಥ ಮಕ್ಕಳಿಗೆ ದಮ್ಮಿನ ಗುಣ ಮೊದಲೇ ಇರುತ್ತದೆ.

ಮುಖ್ಯವಾದದ್ದು ಜಳಕದ ಮರುಕ್ಷಣ. ಮೈ ಪೂರ್ತಿ ಒರೆಸಬೇಡಿ, ಬಟ್ಟೆ ಒತ್ತಿ ನೀರು ತೆಗೆಯಿರಿ, ಇನ್ನೂ ಹಸಿ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಮೈ ತುಂಬ ಜಿಡ್ಡು ಹಚ್ಚಿ. ಕಾಣುವ ಗಾಯಕ್ಕೆ ಮಾತ್ರ ಅಲ್ಲ, ಇಡೀ ಮೈಗೆ. ದಿನಕ್ಕೆ ಎರಡು ಸಲ, ಬೇಸಿಗೆ ಮಳೆಗಾಲ ಅನ್ನದೆ, ಚೆನ್ನಾಗಿದ್ದ ದಿನವೂ. ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಇದಕ್ಕೆ ಸಾಕು, ದುಬಾರಿ ಡಬ್ಬಿ ಬೇಕಾಗಿಲ್ಲ. ಮೈ ತುಂಬ ಇಸಬು ಇರುವ ಮಗುವಿಗೆ ವಾರಕ್ಕೆ 250 ಗ್ರಾಂ ತನಕ ಹಿಡಿಯುತ್ತದೆ. ಎಣ್ಣೆಯೇ ಬೇಕಂದರೆ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಆಗುತ್ತದೆ. ನಮ್ಮ ಕುಸುಬಿ ಎಣ್ಣೆಯಲ್ಲಿ ಚರ್ಮಕ್ಕೆ ಬೇಕಾದ ಲಿನೋಲಿಯಿಕ್ ಆಮ್ಲ ತುಂಬ ಇದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ, ಅವು ಚರ್ಮದ ಪದರ ಸಡಿಲ ಮಾಡುತ್ತವೆ.

ನಂಜಿನ ಮಾತಿಗೆ ಬರೋಣ. ಇಸಬು ಇರುವ ಮಕ್ಕಳಲ್ಲಿ ಕೆಲವರಿಗೆ ಮಾತ್ರ ಊಟದ ಅಲರ್ಜಿ ಇರುತ್ತದೆ, ಅದೂ ಬಹಳ ಚಿಕ್ಕ ವಯಸ್ಸಲ್ಲಿ ಜೋರಾಗಿ ಶುರುವಾದವರಲ್ಲಿ. ತಿಂದ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ತಾಸಿನೊಳಗೆ ಮೈ ಗಂದೆ ಏಳೋದು, ತುಟಿ ಬಾತುಕೊಳ್ಳೋದು, ವಾಂತಿ, ಉಸಿರು ಕಟ್ಟೋದು ಕಂಡರೆ ಅದು ಅಲರ್ಜಿ, ತಡಮಾಡದೆ ಡಾಕ್ಟರ್ ಹತ್ತಿರ ಓಡಬೇಕು. ಹಾಗೇನೂ ಆಗದಿದ್ದರೆ ಹಾಲು, ತತ್ತಿ, ಶೇಂಗಾ ಬಿಡಿಸಿ ಮಗು ಸೊರಗೋದಷ್ಟೇ ಬರುತ್ತದೆ. ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿ 2015ರಲ್ಲಿ ಪ್ರಕಟಿಸಿದರು: ಜೋರಾದ ಇಸಬು ಇಲ್ಲವೇ ತತ್ತಿಯ ಅಲರ್ಜಿ ಇದ್ದ ಕೂಸುಗಳಿಗೆ ಒಂದು ವರ್ಷದೊಳಗೇ ಶೇಂಗಾ ತಿನ್ನಿಸಲು ಶುರು ಮಾಡಿದಾಗ, ಬಿಡಿಸಿದ ಮಕ್ಕಳಿಗಿಂತ ಅವರಲ್ಲಿ ಶೇಂಗಾ ಅಲರ್ಜಿ ಬಹಳ ಕಡಿಮೆಯಾಯಿತು. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ಸೀಮೆ ನಮ್ಮದು, ನಮಗೆ ಇದು ತಿಳಿದಿರಬೇಕು. ಇಡೀ ಕಾಳು ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕುತ್ತದೆ, ಅರೆದೇ ಕೊಡಿ. ಬಿಡಿಸಿ ಬಹಳ ದಿನ ಆಗಿದ್ದರೆ ಮತ್ತೆ ಶುರು ಮಾಡುವ ಮುಂಚೆ ಡಾಕ್ಟರನ್ನ ಕೇಳಿ.

ಮೆಡಿಕಲ್_ಶಹಾಪುರ

ಒಂದು ಮಾತು ಸೇರಸ್ತೀನಿ, ಯಾರೂ ಹೇಳಂಗಿಲ್ಲ. ಜೆಲ್ಲಿ, ಪ್ಯಾರಾಫಿನ್, ಎಣ್ಣಿ ಹೀರಿದ ಅರಿವಿ, ಹಾಸಿಗಿ ಬೆಂಕಿ ತಾಗಿದ್ರ ಲಗೂನ ಹತ್ತಿ ಉರೀತಾವ. ಒಲಿ, ದೀಪ, ಬೀಡಿಯಿಂದ ಮಗೂನ ದೂರ ಇಡ್ರಿ. ಅರಿವಿ ಆಗಾಗ ಒಗೀರಿ, ಒಗದ್ರೂ ಜಿಡ್ಡು ಪೂರಾ ಹೋಗಂಗಿಲ್ಲ ಅನ್ನೋದು ತಲ್ಯಾಗಿರಲಿ.

ಬೋರ್_ನೀರು_ಕಮಲಾಪುರ

ನಮ್ಮ ಕಡಿ ಬೋರ್‌ವೆಲ್ ನೀರು ಸವಳು, ಬಕೆಟಿನ ಒಳಗೆಲ್ಲ ಬಿಳಿ ಪದರ ಕಟ್ಟತದ. ನೀರು ಮೆದು ಮಾಡೋ ಮಶೀನ್ ಹಚ್ಚಿಸಿದ್ರ ಇಸಬು ಹೋಗ್ತದ ಅಂತ ಒಬ್ಬರು ಮನಿಗೇ ಬಂದು ಹೇಳಿ ಹೋದ್ರು. ಭಾಳ ರೊಕ್ಕ ಹೇಳ್ತಾರ. ತಗೋಬೇಕೇನ್ರಿ?

ಚರ್ಮವೈದ್ಯೆ_ಕಲಬುರಗಿ

ತಗೋಬೇಡಿ. ಗಡಸು ನೀರಿರುವ ಊರುಗಳಲ್ಲಿ ಇಸಬು ಹೆಚ್ಚು ಕಾಣುತ್ತದೆ ಅನ್ನೋದಕ್ಕೆ ಆಧಾರ ಇದೆ. ಆದರೆ ಆ ಮಶೀನ್ ಹಾಕಿಸಿದ್ದರಿಂದ ಇರುವ ಇಸಬು ಇಳಿಯಿತಾ ಅಂತ ಇಂಗ್ಲೆಂಡಿನಲ್ಲೇ 336 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು, 2011ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಗಡಸು ನೀರಲ್ಲಿ ಸೋಪು ಮೈಮೇಲೆ ಉಳಿಯುತ್ತದೆ, ಅದಕ್ಕೆ ಸೋಪು ಕಡಿಮೆ ಮಾಡಿ. ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ, ಅದೂ ವಾಸನೆಯಿಲ್ಲದ ಸೌಮ್ಯದ್ದು. ಮಶೀನಿನ ದುಡ್ಡಲ್ಲಿ ಎಷ್ಟೋ ವರ್ಷದ ಜೆಲ್ಲಿ ಬರುತ್ತದೆ.

ತೊಗರಿ_ಹೊಲ_ಯಾದಗಿರಿ

ಮಕ್ಕಳ ಮಾತಿನ ನಡುವೆ ಬಂದೆ, ಕ್ಷಮಿಸ್ರಿ. ನಮ್ಮಪ್ಪಗ ಅರವತ್ತರ ಮ್ಯಾಲ ವಯಸ್ಸು, ದಿನಾ ಹೊಲಕ್ಕ ಹೋಗೋ ಮನಷ್ಯಾ. ಮುಖ, ಕಣ್ಣರೆಪ್ಪಿ, ಕುತ್ತಿಗಿ, ಮೊಣಕೈ ಮಡಿಕಿ ಎಲ್ಲಾ ಆನಿ ಚರ್ಮದಂಗ ದಪ್ಪ ಆಗಿ ಕರ್ರಗಾಗ್ಯಾದ. ಮಳಿ ಬಿದ್ದು ಹೊಲದ ಬದುವಿನಾಗ ಕಸ ಎದ್ದಾಗ ವಿಪರೀತ. ಊರಾಗ ಬಿಸಲಿನ ಅಲರ್ಜಿ ಅಂದ್ರು, ಟೊಪಗಿ ಹಾಕ್ಕೊಂಡ್ರೂ ಇಳೀಲಿಲ್ಲ. ಇದೂ ಇಸಬೇನು?

ಚರ್ಮವೈದ್ಯೆ_ಕಲಬುರಗಿ

ನಮ್ಮ ಭಾಗದ ಎಲ್ಲರೂ ಓದಬೇಕಾದ ಪ್ರಶ್ನೆ ಇದು. ಅಪ್ಪಾರ ಕಿವಿಯ ಹಿಂದೆ, ಗದ್ದದ ಕೆಳಗೆ, ಮೇಲಿನ ಕಣ್ಣುರೆಪ್ಪೆಯ ಮೇಲೆ ನೋಡಿ. ಬಿಸಿಲಿನ ಅಲರ್ಜಿ ಆಗಿದ್ದರೆ ಬಿಸಿಲು ಬೀಳದ ಈ ಜಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಅಲ್ಲೂ ಬಂದಿದ್ದರೆ ಗಾಳಿಯಲ್ಲಿ ತೇಲಿ ಬರುವ ಏನೋ ಒಂದು ತಾಗುತ್ತಿದೆ, ನಮ್ಮ ಸೀಮೆಯಲ್ಲಿ ಅದು ಹೆಚ್ಚಾಗಿ ಕಾಂಗ್ರೆಸ್ ಕಸ. ಪಾರ್ಥೇನಿಯಂ ಅಂತ ಅದರ ಹೆಸರು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಕಳೆ, ಆಮೇಲೆ ದೇಶ ತುಂಬ ಹಬ್ಬಿತು. ಎಲೆ ಕಾಂಡಗಳ ಮೇಲಿನ ಸಣ್ಣ ರೋಮದಲ್ಲಿ ಪಾರ್ಥೆನಿನ್ ಅನ್ನೋ ವಸ್ತು ಇರುತ್ತದೆ. ಕಸ ಒಣಗಿ ಪುಡಿಯಾದಾಗ ಗಾಳಿಯಲ್ಲಿ ಹಾರಿ ಬಂದು ಮಡಿಕೆಗಳಲ್ಲಿ ಕೂಡುತ್ತದೆ. ಇಷ್ಟು ವರ್ಷ ಏನೂ ಮಾಡದಿದ್ದದ್ದು ಈಗ ಹೇಗೆ ಅಂತ ಎಲ್ಲರೂ ಕೇಳ್ತಾರೆ. ಅಲರ್ಜಿ ಹಾಗೇ, ವರ್ಷಾನುಗಟ್ಟಲೆ ತಾಗಿದ ಮೇಲೆ ಒಂದು ದಿನ ಮೈ ಅದನ್ನ ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ.

ಯಾವುದರ ಅಲರ್ಜಿ ಅಂತ ಹುಡುಕುವ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ 48 ತಾಸಿನ ಮೇಲೆ ತೆಗೆದು ನೋಡ್ತಾರೆ, ಮತ್ತೊಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡ್ತಾರೆ. ಅಲ್ಲಿಯ ತನಕ ಬೆನ್ನಿಗೆ ನೀರು ಬೀಳಬಾರದು. ಕಾಂಗ್ರೆಸ್ ಕಸದ ಅಲರ್ಜಿ ಅಂತ ಖಾತ್ರಿಯಾದರೂ ಹೊಲ ಬಿಡಿ ಅಂತ ನಾನು ಹೇಳಲಾರೆ, ಹೊಲ ಬಿಟ್ಟು ಎಲ್ಲಿಗೆ ಹೋಗ್ತಾರೆ? ಆದರೆ ಕಾಂಗ್ರೆಸ್ ಕಸ ಕೀಳುವ ಕೆಲಸ ಅವರಿಂದ ಮಾಡಿಸಬೇಡಿ. ಕಿತ್ತದ್ದನ್ನ ಅವರ ಹತ್ತಿರ ಸುಡಬೇಡಿ. ತುಂಬುತೋಳಿನ ಅಂಗಿ ಹಾಕಲಿ, ಮನೆಗೆ ಬಂದ ಕೂಡಲೇ ಜಳಕ ಮಾಡಿ ಬಟ್ಟೆ ಬದಲಿಸಲಿ, ಒಗೆದ ಬಟ್ಟೆ ಕಸ ಇರುವ ಬೇಲಿಯ ಮೇಲೆ ಒಣ ಹಾಕಬೇಡಿ. ಸೇವಂತಿ, ಸೂರ್ಯಕಾಂತಿ ಅದೇ ಕುಲದ ಗಿಡಗಳು, ಕೆಲವರಿಗೆ ಅವೂ ತಾಗುತ್ತವೆ. ಜೋರಿದ್ದರೆ ಅಜಥಿಯೋಪ್ರಿನ್ ಅನ್ನೋ ಗುಳಿಗೆ ಕೊಡ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾ ತಗೋಬೇಕು, ಊರಲ್ಲಿ ತಾನಾಗಿ ತಗೊಳ್ಳುವ ಔಷಧ ಅಲ್ಲ.

ತೊಗರಿ_ಹೊಲ_ಯಾದಗಿರಿ

ಮೇಡಂ, ಈಗಷ್ಟೇ ದೀಪ ಹಿಡದು ನೋಡಿದೆ. ಕಿವಿ ಹಿಂದನೂ ಅದ, ಗದ್ದದ ಕೆಳಗೂ ಅದ. ಯಾದಗಿರಿ ಯಿಮ್ಸ್ ಆಸ್ಪತ್ರಿಗೆ ಕರಕೊಂಡು ಹೋಗ್ತೀನಿ. ಕಸ ತಿನ್ನೋ ಹುಳ ಬಿಡ್ತಾರಂತಲ್ಲ, ಅದು ಖರೆನಾ?

ಮೆಡಿಕಲ್_ಶಹಾಪುರ

ಖರೆ ಅದ ತಮ್ಮಾ. ಜೈಗೋಗ್ರಾಮಾ ಅಂತ ಮೆಕ್ಸಿಕೋದ ಸಣ್ಣ ದುಂಬಿ, 1984ರಾಗ ಬೆಂಗಳೂರಾಗ ಬಿಟ್ರು. ಮಳಿಗಾಲದಾಗ ಎಲಿ ಎಲ್ಲಾ ತಿಂತದ, ಬ್ಯಾಸಗ್ಯಾಗ ಮಣ್ಣಾಗ ಅಡಗ್ತದ. ಅದೊಂದರಿಂದಲೇ ಕಸ ಹೋಗಂಗಿಲ್ಲ. ಹೂ ಬಿಡೋಕಿಂತ ಮೊದಲ ಕೈಗವಸು ಹಾಕ್ಕೊಂಡು ಬೇರು ಸಮೇತ ಕೀಳಬೇಕು.

ಗೌಂಡಿ_ಸೇಡಂ

ಕೈಯಿನ ಇಸಬಿಗೆ ಏನು ಮಾಡ್ಬೇಕ್ರಿ? ಸಿಮೆಂಟ್ ಕೆಲಸ ನಂದು. ಬೆರಳ ಹಿಂದ ಒಡದು ರಕ್ತ ಬರ್ತದ, ಕೆಲಸ ಇಲ್ದಾಗ ಸ್ವಲ್ಪ ಆರಾಮ. ಸೇಡಂ, ಮಳಖೇಡ, ವಾಡಿ ಸುತ್ತ ಸಿಮೆಂಟ್ ಮ್ಯಾಲೇ ನಮ್ಮ ಹೊಟ್ಟಿ. ಎಣಿಸಿದ್ರ ನನ್ನಂಥವರು ಭಾಳ ಮಂದಿ ಸಿಗ್ತಾರ.

ಚರ್ಮವೈದ್ಯೆ_ಕಲಬುರಗಿ

ಅಣ್ಣಾರ, ಹಸಿ ಸಿಮೆಂಟ್ ಎರಡು ಬಗೆಯಲ್ಲಿ ಕಾಡುತ್ತದೆ. ಒಂದು, ಅದು ಸುಣ್ಣದಂತೆ ಕ್ಷಾರ, ಯಾರ ಕೈಯನ್ನಾದರೂ ಸುಡುತ್ತದೆ. ಇನ್ನೊಂದು, ಅದರಲ್ಲಿರುವ ಕ್ರೋಮೇಟ್‌ಗೆ ಅಲರ್ಜಿ. ಇದು ಬಂದರೆ ಹಟಮಾರಿ, ಕೆಲಸ ಬಿಟ್ಟರೂ ಬಹಳ ಕಾಲ ಉಳಿಯುತ್ತದೆ. ಚಪ್ಪಲಿ, ಬೂಟು, ಚರ್ಮದ ಕೈಗವಸು ಹದ ಮಾಡುವಾಗಲೂ ಕ್ರೋಮ್ ಹಾಕಿರುತ್ತಾರೆ. ಪಾದದ ಮೇಲೂ ಚಪ್ಪಲಿ ಪಟ್ಟಿಯ ಆಕಾರದಲ್ಲಿ ಬಂದಿದೆಯಾ ನೋಡಿ. ಒಳಗೆ ಹತ್ತಿಯದು, ಮೇಲೆ ನೈಟ್ರೈಲ್ ರಬ್ಬರಿನ ಉದ್ದ ಕೈಗವಸು ಹಾಕಿ. ಒಳಗೆ ಸಿಮೆಂಟ್ ಹೊಕ್ಕರೆ ತಕ್ಷಣ ತೆಗೆದು ತೊಳೆಯಿರಿ, ಹೊಕ್ಕ ಗವಸು ಬರಿಗೈಗಿಂತ ಕೆಟ್ಟದ್ದು. ಕೈ ತೊಳೆಯಲು ಸೀಮೆಎಣ್ಣೆ, ಉಸುಕು ಬಳಸಬೇಡಿ. ರಾತ್ರಿ ದಪ್ಪಗೆ ಜೆಲ್ಲಿ ಹಚ್ಚಿ ಹತ್ತಿಯ ಕೈಗವಸು ಹಾಕಿಕೊಂಡು ಮಲಗಿ. ಪ್ಯಾಚ್ ಟೆಸ್ಟ್ ನಿಮಗೂ ಬೇಕು. ಕ್ರೋಮ್ ಅಂತ ಖಾತ್ರಿಯಾದರೆ ಮೇಸ್ತ್ರಿಗೆ ಹೇಳಿ ಹಸಿ ಸಿಮೆಂಟ್ ಮುಟ್ಟಬೇಕಿಲ್ಲದ ಕೆಲಸ ಕೇಳೋದಕ್ಕೆ ಒಂದು ಕಾಗದದ ಆಧಾರ ಸಿಗುತ್ತದೆ.

ಶಾಲಿ_ಮಾಸ್ತರ_ಭಾಲ್ಕಿ

ಅಂಗನವಾಡಿ ಮಾತಿಗೆ ತಿರುಗಿ ಬರ್ತೀನಿ, ಅದು ನನಗ ಭಾಳ ನೋವಿನ ಮಾತು. ನಮ್ಮ ಶಾಲ್ಯಾಗ ಒಬ್ಬ ಹುಡುಗನನ್ನ ಮೂರನೇ ಇಯತ್ತೆದಿಂದ ಹಿಂದಿನ ಬೆಂಚಿನಾಗ ಒಬ್ಬನೇ ಕೂಡಸ್ತಿದ್ರು. ಕೈ ಹಿಡದು ಕಬಡ್ಡಿ ಆಡೋರಿಲ್ಲ, ಬಿಸಿಯೂಟಕ್ಕ ಸಾಲಿನ ಕೊನಿ. ಓದಿನಾಗ ಹಿಂದ ಬಿದ್ದಾನ ಅಂತಿದ್ರು. ರಾತ್ರಿ ನಿದ್ದಿ ಇಲ್ದ ಮಗು ಹಗಲು ತೂಕಡಸ್ತದ, ಅದು ದಡ್ಡತನ ಅಲ್ಲ ಅಂತ ಯಾರೂ ತಿಳಕೊಂಡಿರಲಿಲ್ಲ. ಡಾಕ್ಟರ್ ಚೀಟಿ ತರಿಸಿ, ಪಾಲಕರ ಸಭಾದಾಗ ಓದಿ, ಅವನನ್ನ ಮುಂದಿನ ಬೆಂಚಿಗೆ ತಂದ್ವಿ. ಜೆಲ್ಲಿ ಡಬ್ಬಿ ಚೀಲದಾಗ ಇಟ್ಕೋಬಹುದು, ಬ್ಯಾಸಗ್ಯಾಗ ಪಾಲಿಸ್ಟರ್ ಸಮವಸ್ತ್ರದ ಬದಲಿಗೆ ಹತ್ತಿ ಅಂಗಿ ಹಾಕಬಹುದು, ಬೆವರು ಬಂದ್ರ ನಡುವೆ ಎದ್ದು ಹೋಗಿ ತೊಳಕೊಂಡು ಬರಬಹುದು. ಇಷ್ಟಕ್ಕ ಸರ್ಕಾರದ ಆದೇಶ ಏನೂ ಬೇಕಾಗಿಲ್ಲ. ಆಳಂದದ ಅಕ್ಕಾರ, ನಿಮ್ಮ ಅಂಗನವಾಡಿ ಕಾರ್ಯಕರ್ತೆಯರ ಕಡೆ ಚೀಟಿ ಒಯ್ದು ಮಾತಾಡ್ರಿ, ಅವರು ತಾವೇ ಮಗೂನ ತೊಡಿ ಮ್ಯಾಲ ಕೂಡಿಸ್ಕೊಂಡ್ರ ಉಳಿದವರ ಬಾಯಿ ತಾನೇ ಮುಚ್ಚತದ.

ಆಯಿ_ಹುಮನಾಬಾದ

ಮಾಸ್ತರ, ಛಲೋ ಮಾಡಿದಿರಿ. ಡಾಕ್ಟರಮ್ಮ, ನಾನು ಹೊಗಿ ಹಾಕೋದು ಬಿಡ್ತೀನಿ. ಎಣ್ಣಿ ಮಾತ್ರ ಬಿಡಂಗಿಲ್ಲ.

ಆಳಂದ_ತಾಯಿ

ಎಲ್ಲರಿಗೂ ಭಾಳ ಭಾಳ ಉಪಕಾರ ಆತು. ಕಲಬುರಗಿ ಜಿಮ್ಸ್ ಆಸ್ಪತ್ರಿ ಚರ್ಮ ವಿಭಾಗಕ್ಕ ಮೂವರೂ ಹೋಗಿ ಬಂದ್ವಿ. ಮಗಳದ್ದು ಇಸಬೇ. ನಮ್ಮ ಮನಿಯವರ ತೊಡಿಯಿಂದ ಬ್ಲೇಡಿಲೆ ಸ್ವಲ್ಪ ಕೆರದು, ಗಾಜಿನ ಮ್ಯಾಲ ಇಟ್ಟು, ಯಾವುದೋ ದ್ರಾವಣ ಹಾಕಿ ಸೂಕ್ಷ್ಮದರ್ಶಕದಾಗ ನೋಡಿದ್ರು. ಹುಳಕಡ್ಡಿ ಅಂತ. ಒಂದೇ ಟ್ಯೂಬು, ಎರಡು ಬ್ಯಾರೆ ರೋಗ, ಎರಡಕ್ಕೂ ತಪ್ಪು ಔಷಧ. ಅವರಿಗೆ ಶಿಲೀಂಧ್ರದ ಗುಳಿಗಿ, ಅವರ ಟಾವೆಲ್ ಅರಿವಿ ಬ್ಯಾರೆ ಒಗೀಬೇಕಂದ್ರು. ಮಗಳಿಗೆ ಸೌಮ್ಯದ ಸ್ಟೀರಾಯ್ಡ್, ಕುತ್ತಿಗಿಗೆ ಟ್ಯಾಕ್ರೊಲಿಮಸ್, ಮೈ ತುಂಬ ಜೆಲ್ಲಿ. ನಾನು ಅಂಗಡಿಗೆ ಹೋದಾಗ ಇದೇ ಮೂರು ಮಾತು ಯಾರಾದ್ರೂ ಹೇಳಿದ್ರ ಆಕಿ ಇಷ್ಟು ರಾತ್ರಿ ಅಳ್ತಿರಲಿಲ್ಲ.

ಉಗುರು ತೆಗದೀನಿ, ಹಳಿ ಹತ್ತಿ ಲುಂಗಿ ಹರದು ರಾತ್ರಿಗೆ ಕೈಗವಸು ಹೊಲದೀನಿ. ಮೊನ್ನಿ ಆಕಿ ರಾತ್ರಿ ಪೂರಾ ಮಲಗಿದ್ಲು. ನಮ್ಮತ್ತಿಯವರಿಗೆ ಡಾಕ್ಟರೇ ಹೇಳಿದ್ದಕ್ಕ ಹಾಲು ಶುರು ಮಾಡ್ಯಾರ. ಎರಡು ಸಂಶಯ ಉಳದಾವ. ಯಾವಾಗ ಹೆದರಿ ಓಡಿ ಬರಬೇಕು? ಮತ್ತ ಇದರ ಗದ್ದಲದಾಗ ಬೂಸ್ಟರ್ ಲಸಿಕಿ ಹಾಕಸೋದು ತಪ್ಪ್ಯಾದ, ಇಸಬು ಇದ್ದಾಗ ಹಾಕಸಬಹುದೇನು?

ಚರ್ಮವೈದ್ಯೆ_ಕಲಬುರಗಿ

ನಿದ್ದೆ ಬಂತು ಅಂದಿರಲ್ಲ, ಓದಿ ಬಹಳ ಸಂತೋಷ ಆಯ್ತು. ಇದು ಒಮ್ಮೆ ಹಚ್ಚಿ ಮುಗಿಸುವ ಕಾಯಿಲೆ ಅಲ್ಲ, ಬರುತ್ತೆ ಹೋಗುತ್ತೆ. ಬಹಳ ಮಕ್ಕಳಿಗೆ ದೊಡ್ಡವರಾಗುತ್ತಾ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಚಳಿಗಾಲದ ಒಣ ಗಾಳಿಗೆ, ಏಪ್ರಿಲ್ ಮೇ ಬೆವರಿಗೆ ಮತ್ತೆ ಎದ್ದರೆ ಚಿಕಿತ್ಸೆ ಸೋತಿತು ಅಂದುಕೊಳ್ಳದೆ ಹೇಳಿಕೊಟ್ಟಂತೆ ಬೇಗ ಶುರು ಮಾಡಿ. ಬಿಳಿ ಅಥವಾ ಕರಿ ಕಲೆ ಉಳಿದರೆ ಅದು ಮುಲಾಮಿನ ಕಲೆ ಅಲ್ಲ, ಬಹುತೇಕ ಇಸಬೇ ಬಿಟ್ಟುಹೋದ ಗುರುತು, ತಿಂಗಳುಗಳಲ್ಲಿ ಮಾಸುತ್ತದೆ.

ಹಳದಿ ಚಕ್ಕಳ ಕಟ್ಟಿ ನೀರು ಒಸರಿದರೆ, ಬಿಸಿಯಾಗಿ ಬಾತುಕೊಂಡರೆ ಕೀವಿನ ಸೋಂಕು, ಅದೇ ದಿನ ಅಥವಾ ಮರುದಿನ ತೋರಿಸಿ. ಒಂದೇ ಅಳತೆಯ ಸಣ್ಣ ನೀರುಗುಳ್ಳೆ ಗುಂಪಾಗಿ ಎದ್ದು, ಒಡೆದು ಮೊಳೆ ಹೊಡೆದಂಥ ಗುಂಡನೆ ಹುಣ್ಣಾಗಿ, ಜೊತೆಗೆ ಜ್ವರ, ನೋವು ಇದ್ದರೆ ರಾತ್ರಿಯಾದರೂ ಕಾಯಬೇಡಿ. ಅದು ಹರ್ಪಿಸ್ ವೈರಸ್, ಇಸಬಿನ ಚರ್ಮದಲ್ಲಿ ಬೇಗ ಹಬ್ಬುತ್ತದೆ, ಕಣ್ಣಿನ ಹತ್ತಿರ ಬಂದರೆ ಇನ್ನೂ ಅಪಾಯ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು ಯಾರೇ ಆಗಲಿ ಮಗುವಿಗೆ ಮುದ್ದು ಕೊಡದಂತೆ ನೋಡಿಕೊಳ್ಳಿ. ಮನೆಯ ಎಲ್ಲರಿಗೂ ಒಟ್ಟಿಗೆ ರಾತ್ರಿ ಕಡಿತ ಶುರುವಾಗಿ ಬೆರಳಸಂದಿಯಲ್ಲಿ ಗುಳ್ಳೆ ಕಂಡರೆ ಅದು ಕಜ್ಜಿ, ಅದರ ಚಿಕಿತ್ಸೆಯೇ ಬೇರೆ, ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು.

ಲಸಿಕೆ ಖಂಡಿತ ಹಾಕಿಸಿ, ಇಸಬು ಅದಕ್ಕೆ ಅಡ್ಡಿಯಲ್ಲ. 16ರಿಂದ 24 ತಿಂಗಳೊಳಗಿನ ಡಿಪಿಟಿ ಬೂಸ್ಟರ್, ದಡಾರ-ರುಬೆಲ್ಲಾ ಎರಡನೇ ಡೋಸ್ ತಪ್ಪಿದ್ದರೆ ಈಗಲೂ ಹಾಕುತ್ತಾರೆ. ತಾಯಿ ಕಾರ್ಡ್ ಒಯ್ದು ಆಶಾ ಅಕ್ಕನನ್ನ ಕೇಳಿ. ಇಸಬು ಕೆರಳಿದ ಜಾಗ ಬಿಟ್ಟು ಚೆನ್ನಾಗಿರುವ ಚರ್ಮದಲ್ಲಿ ಚುಚ್ಚಲು ಹೇಳಿ. ಈ ಮುಂಚೆ ಕಡಿತಕ್ಕಂತ ಎಲ್ಲಾದರೂ ಸೂಜಿ ಅಥವಾ ಗುಳಿಗೆ ಕೊಡಿಸಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ, ಸ್ಟೀರಾಯ್ಡ್ ಆಗಿದ್ದರೆ ದಡಾರದ ಲಸಿಕೆ ಸ್ವಲ್ಪ ದಿನ ಮುಂದೂಡಬೇಕಾಗಬಹುದು.

ಆಳಂದ_ತಾಯಿ

ಸೂಜಿ ಎಲ್ಲೂ ಹಾಕ್ಸಿಲ್ಲ ಮೇಡಂ. ತಾಯಿ ಕಾರ್ಡ್ ತಗದು ಇಟ್ಟೀನಿ, ಗುರುವಾರ ಆಶಾ ಅಕ್ಕ ಬರ್ತಾರ, ಅವತ್ತೇ ಹಾಕಸ್ತೀನಿ.